ನಿಮ್ಮಪ್ಪನಿಗೆ ಹೇಳು

ಮಾರ್ಚ್ ೯, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ನಿನ್ನ ಅಮ್ಮ ಮನಸಾರೆ ಮಾಡುವ ಆಶೀರ್ವಾದ. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಹೊಟ್ಟೆಯಲ್ಲಿರುವ ಪುಟಾಣಿ ಒದೆಯಲು ಶುರು ಮಾಡಿತಾ? ನೀನಂತೂ ಬಾಡಿಗೆ ವಸೂಲಿಗೆ ಬಂದವರು ಬಾಗಿಲು ಬಡಿದ ಹಾಗೆ ಒದೆಯುತ್ತಿದ್ದೆ.

ಬರೆಯುವುದು ತಡವಾಯಿತು, ಸಿಟ್ಟು ಮಾಡಿಕೊಳ್ಳಬೇಡ. ಎರಡು ಸಲ ಶುರು ಮಾಡಿ ಹರಿದು ಹಾಕಿದೆ. ಫೋನಿನಲ್ಲೇ ಹೇಳೋಣ ಅಂದರೆ ನೀನು ಎತ್ತುವುದಿಲ್ಲ. ಎತ್ತದೇ ಇದ್ದದ್ದೇ ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ. ಆಗ ಮಾತ್ರ ಮೈಯೆಲ್ಲ ಉರಿದುಹೋಗಿತ್ತು.

ಆ ಕೊನೆಯ ಫೋನು ನನ್ನ ತಲೆಯಿಂದ ಹೋಗುತ್ತಿಲ್ಲ. ನಾನು ಅಡುಗೆಮನೆಯಲ್ಲಿ ನಿಂತು ನಿನಗೆ ಫೋನು ಮಾಡಿ, ‘ನಿಮ್ಮಪ್ಪನಿಗೆ ಹೇಳು, ಊಟ ಆರ್ತಾ ಇದೆ’ ಅಂದೆ. ನೀನು ಅಷ್ಟು ದೂರದ ನಿನ್ನ ಆಫೀಸಿನಿಂದ, ಗೋಡೆಯ ಆಚೆ ನಮ್ಮ ಫೋಟೋ ಕಟ್ಟಿನ ಅಂಗಡಿಯಲ್ಲಿ ಕೂತಿದ್ದ ಅವರಿಗೆ ಫೋನು ಮಾಡಬೇಕು. ಒಂದೇ ಗೋಡೆ ದಾಟಬೇಕಾದ ಮಾತು ನಿನ್ನ ಊರಿಗೆ ಹೋಗಿ ಬರುತ್ತಿತ್ತು. ನಮಗೆ ಅದರಲ್ಲಿ ವಿಚಿತ್ರ ಅನ್ನುವಂಥದ್ದು ಏನೂ ಕಾಣುತ್ತಿರಲಿಲ್ಲ.

ಅವತ್ತು ನೀನು, ‘ಸಾಕಮ್ಮ. ಇನ್ಮೇಲೆ ನನ್ನ ಕೈಲಿ ಒಂದು ಮಾತೂ ಹೋಗಲ್ಲ. ಕೌನ್ಸೆಲಿಂಗಿಗೆ ಹೋಗಿ. ನೀವಿಬ್ರೂ ಎದುರುಬದುರು ಕೂತು ಮಾತಾಡೋವರೆಗೂ ನನ್ನ ಮಗು ಆ ಮನೆಗೆ ಕಾಲಿಡಲ್ಲ. ಅದನ್ನ ಇನ್ನೊಂದು ಗುಬ್ಬಿ ಮಾಡೋಕೆ ನಾನು ಬಿಡಲ್ಲ’ ಅಂದೆ. ಕೊನೆಯಲ್ಲಿ ಅಳುತ್ತಾ, ‘ಇದೆಲ್ಲ ಆಗಿದ್ದೇ ನನ್ನಿಂದ’ ಅಂತ ಹೇಳಿ ಫೋನಿಟ್ಟುಬಿಟ್ಟೆ. ಅದನ್ನು ನಾನು ಚುಚ್ಚುಮಾತು ಅಂದುಕೊಂಡೆ.

ನಿಮ್ಮಪ್ಪನಿಗೂ ಅದನ್ನೇ ಹೇಳಿದ್ದೆಯಲ್ಲ. ಮೊಮ್ಮಗುವಿನ ಮುಖವನ್ನೇ ತೋರಿಸುವುದಿಲ್ಲ ಅಂದಮೇಲೆ ಬೇರೆ ದಾರಿಯೇನಿತ್ತು? ಅಂಗಡಿಯಲ್ಲಿ ಗಿರಾಕಿಗಳ ಫೋಟೋ ಅಳತೆ ಬರೆಯುವ ಹಲಗೆ ಇದೆಯಲ್ಲ, ಅದರ ಮೇಲೆ ಒಂದು ಬೆಳಿಗ್ಗೆ ‘ಹದಿನಾರು ಇಂಟು ಹನ್ನೆರಡು, ಕಪ್ಪು ಕಟ್ಟು’ ಅಂತ ಇದ್ದದ್ದರ ಕೆಳಗೆ ‘ಬುಧವಾರ ನಾಲ್ಕು ಗಂಟೆ’ ಅಂತ ನಿಮ್ಮಪ್ಪನ ಅಕ್ಷರ. ನಾನು ಅದರ ಪಕ್ಕ ‘ಸರಿ’ ಅಂತ ಬರೆದೆ. ಇಬ್ಬರೂ ಹೊರಟಾಗ ಎದುರಿನ ಇಸ್ತ್ರಿ ಅಂಗಡಿಯವನು, ‘ಏನ್ ಸಾರ್, ಜೋಡಿಯಾಗಿ?’ ಅಂದ. ‘ಕಣ್ಣು ತೋರಿಸೋಕೆ’ ಅಂದರು ನಿಮ್ಮಪ್ಪ. ಹೋದದ್ದು ಮಾತ್ರ ಒಬ್ಬರು ರಸ್ತೆಯ ಈ ಪಕ್ಕ, ಒಬ್ಬರು ಆ ಪಕ್ಕ.

ಔಷಧಿ ಅಂಗಡಿಯ ಮೇಲಿನ ಮಹಡಿ. ಬಾಗಿಲಿನ ಮೇಲೆ ‘ಆಪ್ತ ಸಲಹೆಗಾರರು’ ಅಂತ ಬರೆದಿದೆ. ಒಳಗೆ ನೋಡಿದರೆ ನಿನ್ನ ವಾರಿಗೆಯ ಒಬ್ಬ ಹುಡುಗಿ. ಇವಳು ನಮಗೇನು ಹೇಳಿಕೊಡುತ್ತಾಳೆ ಅಂತ ಮನಸ್ಸಿನಲ್ಲೇ ಮೂಗು ಮುರಿದೆ. ಅವಳಿಗೊಂದು ಕುರ್ಚಿ, ನಮಗೆರಡು, ಇನ್ನೊಂದು ಖಾಲಿ.

‘ಅಮ್ಮಾ, ನಿಮಗೆ ಇವರ ಮೇಲೆ ಏನು ಬೇಜಾರಿದೆಯೋ ಅದನ್ನ ಇವರಿಗೇ ಹೇಳಿ’ ಅಂದಳು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: ‘ನಿಮ್ಮಪ್ಪನಿಗೆ ಹೇಳು, ನಮ್ಮಮ್ಮ ಸಾಯೋ ಮುಂಚೆ ಒಂದಿನ ಅಂಗಡಿ ಮುಚ್ಚಿ ನನ್ನ ಕರ್ಕೊಂಡು ಹೋಗಿದ್ರೆ ಅವರ ಗಂಟೇನು ಹೋಗ್ತಿತ್ತು ಅಂತ.’ ನಿಮ್ಮಪ್ಪ ತಕ್ಷಣ, ‘ನಿಮ್ಮಮ್ಮನಿಗೆ ಹೇಳು, ಅಷ್ಟು ಸೀರಿಯಸ್ಸು ಅಂತ ಬಾಯಿಬಿಟ್ಟು ಹೇಳಿದ್ರೆ ತಾನೇ ಗೊತ್ತಾಗೋದು’ ಅಂದರು. ಇಬ್ಬರೂ ಕೆರಳಿದ್ದೆವು. ಸರಿಯಾಗಿಯೇ ಮಾತಾಡುತ್ತಿದ್ದೇವೆ ಅಂದುಕೊಂಡಿದ್ದೆವು. ಆ ಹುಡುಗಿ ಮೆಲ್ಲಗೆ, ‘ಅಲ್ಲಿ ಯಾರು ಕೂತಿದ್ದಾರೆ?’ ಅಂತ ಕೇಳಿದಾಗಲೇ ಗೊತ್ತಾದದ್ದು. ಇಬ್ಬರೂ ಖಾಲಿ ಕುರ್ಚಿಯ ಕಡೆ ತಿರುಗಿದ್ದೆವು, ಗುಬ್ಬಿ. ನಿಮ್ಮಪ್ಪ ಅದರ ಕೈಯ ಮೇಲೆ ಕೈ ಬೇರೆ ಇಟ್ಟಿದ್ದರು.

ಅವಳು ಎದ್ದು, ‘ಪಾಪ, ಮಗಳು ದಣಿದಿದ್ದಾಳೆ, ಮನೆಗೆ ಕಳಿಸೋಣ’ ಅಂತ ಆ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಹೊರಗಿನ ಪ್ಯಾಸೇಜಿನಲ್ಲಿ ಇಟ್ಟು ಬಂದಳು. ಆಮೇಲೆ ನಾವಿಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಯಾರಿಗೆ ಹೇಳುವುದು?

ಎರಡನೇ ವಾರ, ಮಾತು ನಿಂತದ್ದು ಯಾವಾಗಿಂದ ಅಂತ ಅವಳು ಕೇಳಿದಾಗ ಗಾಜಿನ ವಿಷಯ ಬಂತು. ನಿನ್ನ ಹಿಮ್ಮಡಿಯ ಆ ಗಾಯದ ಗುರುತು. ನನ್ನ ಅಮ್ಮ ತೀರಿಕೊಂಡ ಮೇಲೆ ನಾವು ಅಂಗಡಿಯಲ್ಲಿ ಕಿರುಚಾಡಿದ್ದು, ನಾನು ಮೇಜು ತಳ್ಳಿದ್ದು, ಗಾಜಿನ ಹಾಳೆ ಬಿದ್ದು ಚೂರುಚೂರಾದದ್ದು, ಆರು ವರ್ಷದ ನೀನು ಓಡಿಬಂದು ಅದರ ಮೇಲೆ ಕಾಲಿಟ್ಟದ್ದು, ಎಲ್ಲ ಹೇಳಬೇಕಾಯಿತು. ನಿನಗೆ ಹೊಲಿಗೆ ಹಾಕುತ್ತಿದ್ದಾಗ ಇನ್ನು ಮಗುವಿನೆದುರು ಜಗಳ ಬೇಡ ಅಂತ ಒಪ್ಪಿಕೊಂಡಿದ್ದೆವು. ಅದು ಬರಬರುತ್ತಾ ಮಾತೇ ಬೇಡ ಅಂತ ಆಯಿತು. ಅದನ್ನು ನಿನಗಾಗಿ ಮಾಡಿದ ದೊಡ್ಡ ತ್ಯಾಗ ಅಂದುಕೊಂಡು ಬೀಗಿದ್ದೇ ಬೀಗಿದ್ದು.

ಅವಳದೊಂದು ಕಟ್ಟುಪಾಡು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿರುಗಿ ಹೇಳಬೇಕು, ‘ಸರಿಯಾ?’ ಅಂತ ಕೇಳಬೇಕು, ಅವರು ಸರಿ ಅಂದಮೇಲೇ ತನ್ನ ಜವಾಬು. ಇದೊಂದು ಮಾತು ಕೇಳಿ ನಿಮ್ಮಪ್ಪನ ಮುಖ ಅರಳಿತು. ‘ಗಾಜು ಕೊಯ್ಯೋಕೆ ಮುಂಚೆ ನಾನು ಮಾಡೋದೇ ಇದು. ಗಿರಾಕಿ ಅಳತೆ ಹೇಳ್ತಾರೆ, ನಾನು ತಿರುಗಿ ಹೇಳ್ತೀನಿ, ಅವ್ರು ಹೌದು ಅಂದ್ಮೇಲೇ ಗೀರೋದು’ ಅಂದರು. ಆಮೇಲೆ ನನ್ನ ಕಡೆ ಅರ್ಧ ತಿರುಗಿ, ‘ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ ಅಂತ ನೀನು ಹೇಳಿದೆ. ಸರಿಯಾ?’ ಅಂದರು. ‘ಸರಿ’ ಅಂದೆ.

‘ಹೇಳದೆ ಒಳಗೇ ಇಟ್ಕೊಂಡಿದ್ದು?’ ಅಂತ ಆ ಹುಡುಗಿ ಕೇಳಿದಳು. ‘ಭಯ ಆಗ್ತಿದೆ, ಇವತ್ತೇ ಹೋಗೋಣ ಅಂತ. ಅದನ್ನೂ ಬಾಯಿಬಿಟ್ಟು ಹೇಳ್ಬೇಕಾ? ಮುಖ ನೋಡಿದ್ರೆ ತಿಳೀಬಾರ್ದಾ?’ ಅಂದೆ.

ನಿಮ್ಮಪ್ಪ ದಡಕ್ಕನೆ ಎದ್ದರು. ‘ಅಳತೇನೇ ಹೇಳ್ಲಿಲ್ಲ, ತಪ್ಪು ಕೊಯ್ದೆ ಅಂತ ಇಷ್ಟು ವರ್ಷ ನನಗೆ ಶಿಕ್ಷೆ ಕೊಟ್ಟಳು’ ಅಂತ ಹೇಳಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತರು. ನನಗೂ ರೇಗಿತ್ತು, ಹೋದರೆ ಹೋಗಲಿ ಅನ್ನಿಸಿತು. ಮರುಕ್ಷಣವೇ ಹೊಳೆಯಿತು. ಅವರು ಆ ಬಾಗಿಲು ದಾಟಿದರೆ ಮತ್ತೆ ಜಪ್ಪಯ್ಯ ಅಂದರೂ ಬರುವವರಲ್ಲ. ಮಗು ಹುಟ್ಟುತ್ತದೆ, ಬೆಳೆಯುತ್ತದೆ, ನಾವು ಅಂಗಡಿಯಲ್ಲಿ ಬೇರೆಯವರ ಮಕ್ಕಳ ಫೋಟೋಗೆ ಕಟ್ಟು ಹಾಕುತ್ತಾ ಕೂತಿರುತ್ತೇವೆ. ಆ ಹುಡುಗಿ ಅವರನ್ನು ತಡೆಯಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಕರೆಯೋಣ ಅಂದರೆ ಅವರನ್ನು ಏನಂತ ಕರೆಯುತ್ತಿದ್ದೆ ಅನ್ನುವುದೇ ನಾಲಿಗೆಗೆ ಬರಲಿಲ್ಲ. ಕೊನೆಗೆ ‘ರೀ’ ಅಂದೆ. ಧ್ವನಿ ನನ್ನದೇ ಅನ್ನಿಸಲಿಲ್ಲ. ‘ರೀ, ಕೂತ್ಕೊಳ್ಳಿ.’ ಬಾಗಿಲ ಹಿಡಿ ಬಿಟ್ಟು, ಬಂದು ಕೂತರು.

ಗಿರಾಕಿ ಬಂದಿದ್ದಾರೆ, ಭಾನುವಾರ ಅಂತಲೂ ಇಲ್ಲ. ಆಮೇಲೆ ಮುಂದುವರಿಸುತ್ತೇನೆ.

ಗುರುವಾರ

ನಿನ್ನೆ ಮತ್ತೆ ಹೋಗಿ ಬಂದೆವು. ಅಲ್ಲಿ ನಡೆದದ್ದನ್ನು ಬರೆಯೋಣ ಅಂದರೆ ಕೈ ಓಡುತ್ತಿಲ್ಲ, ಮೊದಲು ಬೇರೆ ಸುದ್ದಿ ಹೇಳುತ್ತೇನೆ. ಕೌನ್ಸೆಲಿಂಗಿಗೆ ಹೋದ ಮಾತ್ರಕ್ಕೆ ನಾವು ಹೊಸ ಮದುಮಕ್ಕಳಾಗಿಬಿಟ್ಟಿದ್ದೇವೆ ಅಂದುಕೊಳ್ಳಬೇಡ. ಮೆಟ್ಟಿಲಿಳಿದ ಕೂಡಲೇ ಮತ್ತೆ ಬಾಯಿಗೆ ಬೀಗ ಬೀಳುವ ದಿನಗಳೇ ಹೆಚ್ಚು. ಮೊನ್ನೆ ಮಾತ್ರ ಸೋರುವ ನಲ್ಲಿಯ ವಿಷಯಕ್ಕೆ ಜೋರಾಗಿಯೇ ಜಗಳವಾಯಿತು. ನಾನು ಪ್ಲಂಬರನ್ನು ಕರೆಸೋಣ ಅಂತ, ಅವರು ತಾನೇ ಮಾಡುತ್ತೇನೆ ಅಂತ. ಎಷ್ಟು ಜೋರು ಅಂದರೆ ಇಸ್ತ್ರಿಯವನು ಬಗ್ಗಿ ನೋಡಿದ. ಮುಗಿದ ಮೇಲೆ ಇಬ್ಬರೂ ಒಟ್ಟಿಗೇ ನೆಲ ನೋಡಿದೆವು. ಯಾವ ಗಾಜೂ ಒಡೆದಿರಲಿಲ್ಲ.

ನಲ್ಲಿ ಇನ್ನೂ ಸೋರುತ್ತಿದೆ. ನಿಮ್ಮಪ್ಪನೇ ರಿಪೇರಿ ಮಾಡಿದ್ದಾರೆ, ನೀನೇ ಅರ್ಥ ಮಾಡಿಕೋ.

ಹೊತ್ತುಹೊತ್ತಿಗೆ ಊಟ ಮಾಡು, ಕಾಲು ಇಳಿಬಿಟ್ಟುಕೊಂಡು ತುಂಬಾ ಹೊತ್ತು ಕೂರಬೇಡ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಮಗುವನ್ನು ಕರೆದುಕೊಂಡು ಬಾ ಅಂತ ನಾನು ಕೇಳುವುದಿಲ್ಲ, ಅದು ನಿನ್ನ ಮನಸ್ಸಿಗೆ ಬಿಟ್ಟದ್ದು. ಎಲ್ಲಿದ್ದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಮ್ಮ

ತಾ.ಕ.: ಇಷ್ಟು ಬರೆದು ಲಕೋಟೆಗೆ ಹಾಕಿದ್ದೆ. ನಿಮ್ಮಪ್ಪ ಬಂದು, ‘ಅದನ್ನ ಬರೆದೆಯಾ?’ ಅಂತ ಕೇಳಿದರು. ಇಲ್ಲ ಅಂದೆ. ‘ಬರಿ. ಪಾಪ, ಅವಳು ಅದನ್ನ ಹೊತ್ಕೊಂಡೇ ತಿರುಗ್ತಿದ್ದಾಳೆ’ ಅಂದರು.

ನಿನ್ನೆ ಆ ಹುಡುಗಿ, ‘ಮತ್ತೆ ಮಾತಾಡೋಣ ಅಂತ ಇಬ್ಬರಲ್ಲಿ ಯಾರಾದ್ರೂ ಯಾವತ್ತಾದ್ರೂ ಪ್ರಯತ್ನಪಟ್ರಾ?’ ಅಂತ ಕೇಳಿದಳು. ನಾನು ಇಲ್ಲ ಅನ್ನುವಷ್ಟರಲ್ಲಿ ನಿಮ್ಮಪ್ಪ, ‘ನಾನು ಪಟ್ಟೆ’ ಅಂದರು. ‘ಗುಬ್ಬಿ ಆಗ ನಾಲ್ಕನೇ ಕ್ಲಾಸು. ನಾವಿಬ್ರೂ ಮತ್ತೆ ಮಾತಾಡೋಣ್ವಾ ಅಂತ ನಿಮ್ಮಮ್ಮನ್ನ ಕೇಳ್ಕೊಂಡು ಬಾ ಅಂತ ಕಳಿಸ್ದೆ. ಒಳಗೆ ಹೋಗಿ ಬಂದು, ಅಮ್ಮ ಬೇಡ ಅಂದ್ಲು ಅಂತ ಹೇಳಿದ್ಲು. ಆಮೇಲೆ ನಾನು ಕೇಳೋಕೆ ಹೋಗ್ಲಿಲ್ಲ.’

ನಾನು ಅದನ್ನು ತಿರುಗಿ ಹೇಳಬೇಕಿತ್ತು, ಹೇಳಿದೆ. ‘ಸರಿಯಾ?’ ಅಂದೆ. ‘ಸರಿ’ ಅಂದರು. ಆಮೇಲೆ ನನ್ನ ಸರದಿ. ‘ಆ ಮಾತು ನನ್ನ ಹತ್ರ ಬರಲೇ ಇಲ್ಲ’ ಅಂದೆ.

ಒಂದು ಗಳಿಗೆ ನಿನ್ನ ಮೇಲೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ನಿಮ್ಮಪ್ಪನೇ ಮೊದಲು ಬಾಯಿಬಿಟ್ಟರು. ‘ಮಾತು ಶುರುವಾದ್ರೆ ಗಾಜು ಬೀಳುತ್ತೆ ಅಂತ ಹೆದರಿರ್ಬೇಕು. ಆಗೆಲ್ಲ ಮನೆಯೊಳಗೂ ಚಪ್ಪಲಿ ಹಾಕ್ಕೊಂಡೇ ಓಡಾಡ್ತಿತ್ತು ಮಗು’ ಅಂದರು. ನಾನು ಮುಖ ಮುಚ್ಚಿಕೊಂಡು ಅತ್ತೆ. ‘ಇದೆಲ್ಲ ಆಗಿದ್ದೇ ನನ್ನಿಂದ’ ಅಂದಿದ್ದೆಯಲ್ಲ, ಅದು ಚುಚ್ಚುಮಾತಲ್ಲ ಅಂತ ಆಗ ತಿಳಿಯಿತು.

ನಿನ್ನಿಂದ ಏನೂ ಆಗಲಿಲ್ಲ, ಗುಬ್ಬಿ. ಅವತ್ತು ನೀನು ಬಂದು ಕೇಳಿದ್ದರೂ ನಾನು ಬೇಡ ಅಂತಲೇ ಅನ್ನುತ್ತಿದ್ದೆ. ನನ್ನ ಸಿಟ್ಟು ಆಗ ಹಾಗಿತ್ತು. ನೀನು ಹೇಳಿದ್ದು ಸುಳ್ಳಲ್ಲ, ನನ್ನ ಉತ್ತರವನ್ನು ನನಗಿಂತ ಮುಂಚೆ ಹೇಳಿದೆ, ಅಷ್ಟೆ. ಇದನ್ನು ನಿಮ್ಮಪ್ಪನಿಗೂ ಹೇಳಿದ್ದಾಯಿತು. ನಾನೇ ಹೇಳಿದೆ, ಅವರ ಎದುರು ಕೂತು.