ರಾಜೀವಕ್ಕನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು

17-7-2025, ಗುರುವಾರ

ನಿನ್ನೆ ಬಿದ್ದ ಕನಸು ಇನ್ನೂ ಬಿಟ್ಟಿಲ್ಲ. ನಮ್ಮ ಗೇರುಬೀಜದ ಕಾರ್ಖಾನೆಯ ಬೆಂಚುಗಳೆಲ್ಲ ಖಾಲಿ. ನಾನೊಬ್ಬನೇ ಕುಳಿತು ಬೀಜ ಸುಲಿಯುತ್ತಿದ್ದೇನೆ, ಮುಗಿಯುವುದೇ ಇಲ್ಲ. ಇವತ್ತು ನೋಡಿದರೆ ಅದು ನಿಜವೇ ಆಗುವ ಹಾಗೆ ಉಂಟು.

ಮ್ಯಾನೇಜರನಿಗೆ ನಾಯಕತ್ವದ ಗುಣ ಬೇಕೆಂದು ಧಣಿ ಶುಕೂರ್ ಸಾಹೇಬರು ನನ್ನನ್ನು ಮೂಡುಬಿದಿರೆಗೆ ಎರಡು ದಿನದ ತರಬೇತಿಗೆ ಕಳಿಸಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು, ಹೇಳಿದ್ದನ್ನೆಲ್ಲ ಬರೆದುಕೊಂಡೆ. ಕೆಲಸದವರೊಡನೆ ಗೌರವದಿಂದ ಮಾತಾಡಿ ಎಂದರು. ಸರಿ, ಬೆಳಿಗ್ಗೆ ಸುಲಿಯುವ ಹೆಂಗಸರ ಮುಂದೆ ನಿಂತು, ತುಳು ಬಿಟ್ಟು, ಕಲಿಸಿದ ಹಾಗೆಯೇ ಕನ್ನಡದಲ್ಲಿ ಕೇಳಿದೆ: “ರಾಜೀವಿಯವರೇ, ನಿಮ್ಮ ಮುಂದಿನ ಗುರಿಗಳೇನು?”

ಇಪ್ಪತ್ತು ವರ್ಷದಿಂದ ನನ್ನನ್ನು ತುಳುವಿನಲ್ಲೇ ಬೈಯುತ್ತ ಬಂದ ರಾಜೀವಕ್ಕನ ಮುಖ ಬಿಳಿಚಿಕೊಂಡಿತು. ಅವಳೂ ಕನ್ನಡಕ್ಕೆ ಬಂದಳು. “ನಮ್ಮನ್ನು ತೆಗೆಯುವುದು ಯಾವತ್ತು? ಮೊದಲೇ ಹೇಳಿ, ಬಂಟ್ವಾಳದಲ್ಲಿ ಕೆಲಸ ಕೇಳ್ತೇವೆ.”

“ಅಯ್ಯೋ ಅಕ್ಕ, ಹೆದರಬೇಡಿ, ಇದು ನಾಯಕತ್ವ!”

“ಎಂತ ನಾಯಕತ್ವ ಮಾರಾಯ? ಬ್ಯಾಂಕಿನವರು, ಪೊಲೀಸರು ಮಾತಾಡುವ ಹಾಗೆ ಮಾತಾಡ್ತಿ, ಮತ್ತೆ ಹೆದರಬೇಡಿ ಅಂತಿ!”

ಮಧ್ಯಾಹ್ನಕ್ಕೆ ರಾಜೀವಕ್ಕನೂ ಸೇರಿ ಒಂಬತ್ತು ಮಂದಿ ಬುತ್ತಿ ಹಿಡಿದು ಹೊರಟೇಹೋದರು. ಗೌರವ ಕೊಟ್ಟರೂ ಹೆದರುವುದಾದರೆ ನಾನು ಇನ್ನು ಎಂತ ಕೊಡುವುದು? ಸಾಹೇಬರಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆಯೇ ರಾಜೀವಕ್ಕನ ಮನೆಗೆ ಹೋಗಿ ತುಳುವಿನಲ್ಲೇ ಕರೆಯಬೇಕು. ಅವಳು ನನ್ನನ್ನು ಬೈದರೆ ಬರುತ್ತಾಳೆ. ಬೈಯದಿದ್ದರೆ ಕಷ್ಟ.

ತರಬೇತಿಯಲ್ಲಿ ಕೊಟ್ಟ ಪುಸ್ತಕವನ್ನು ಮಗಳು ನವ್ಯಾಳ ಮೇಜಿನ ಮೇಲೆ ಇಟ್ಟು ಒಂದು ಚೀಟಿ ಬರೆದಿದ್ದೇನೆ: ಒಮ್ಮೆ ಓದಿ ನೋಡು ಮಗಾ, ಗೌರವದಿಂದ ಮಾತಾಡಿ ಎಂದು ಮಾತ್ರ ಉಂಟಾ, ಕನ್ನಡದಲ್ಲಿ ಎಂದು ಎಲ್ಲಿಯಾದರೂ ಬರೆದಿದೆಯಾ?