ಬಾಯಿ ಬಂದಾದ ವಾರ

ನವೆಂಬರ್ 6, ಗುರುವಾರ

ಬೆಳಿಗ್ಗೆ ಏಳರ ಕ್ಲಾಸು. ಹೊಸ ಸ್ಟೂಡೆಂಟ್, ಬ್ಯಾಂಕಿನ ಮೇಡಂ. ಕ್ಲಚ್ ಬಿಡಿ ಅಂದರೆ ಸ್ಟೀರಿಂಗನ್ನೇ ಬಿಟ್ಟರು. ಕೂಗಿದೆ. ಕೂಗಿದ್ದೇ ತಡ, ಎಡ ದವಡೆಯ ಕೊನೆಯಲ್ಲಿ ಚುಳ್ ಅಂತು... ಕಣ್ಣಲ್ಲಿ ನೀರು. ಮೇಡಂ ತಮ್ಮ ಡ್ರೈವಿಂಗಿಗೇ ನಾನು ಅತ್ತೆ ಅಂದುಕೊಂಡು ಸಾರಿ ಕೇಳಿದರು.

ನಾಲ್ಕನೇ ದಿನ ಇದು. ಲವಂಗ ಇಟ್ಟಾಯಿತು, ಉಪ್ಪುನೀರು ಆಯಿತು. ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿಲ್ಲ. ಡ್ರೈವಿಂಗ್ ಸ್ಕೂಲಿನಲ್ಲಿ ನನ್ನ ಜೊತೆ ಕಲಿಸುವ ಅಣವೀರಪ್ಪನಿಗೆ ಖುಷಿ. "ಉಸ್ತಾದ್, ನಿಮ್ಮ ಬಾಯಿ ಬಂದ್ ಆದ್ರ ಚೆಂಬೂರಿನಾಗ ಹಾರ್ನ್ ಕೇಳಸ್ತೈತ್ರಿ!"

ನವೆಂಬರ್ 8, ಶನಿವಾರ

ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಒಳಗೆ ಕಾಲಿಟ್ಟರೆ — ರಾಧಿಕಾ! ಒಂಬತ್ತು ವರ್ಷದ ಹಿಂದೆ ನನ್ನ ಬಳಿ ಗಾಡಿ ಕಲಿತ ಮಂಗಳೂರಿನ ಹುಡುಗಿ. ರಿವರ್ಸ್ ತೆಗೆಯಲು ಬಾರದೆ ನನ್ನ ಕೈಲಿ ಎಷ್ಟು ಬೈಸಿಕೊಂಡಿದ್ದಳೋ. ಈಗ ಬಿಳಿ ಕೋಟು, ಕೈಯಲ್ಲಿ ಕನ್ನಡಿ.

"ಬಾಯಿ ತೆಗೀರಿ ಸರ್. ನಿಮ್ಮ ಬಾಯಿ ನಂಗೆ ಮೊದ್ಲೇ ಗೊತ್ತುಂಟು."

ಎಕ್ಸ್‌ರೇ ತೋರಿಸಿದಳು. ಅಕಲ್ ದಾಢ್. ಬುದ್ಧಿಹಲ್ಲು. ನೇರ ಬರುವ ಬದಲು ಅಡ್ಡ ಮಲಗಿ ಪಕ್ಕದ ಹಲ್ಲಿಗೆ ಗುದ್ದುತ್ತಿದೆ. ಡಬಲ್ ಪಾರ್ಕಿಂಗ್! ತೆಗೆಯಲೇಬೇಕಂತೆ. ಮೂರು ದಿನ ಮಾತ್ರೆ, ಊತ ಇಳಿದ ಮೇಲೆ ಮಂಗಳವಾರ ಆಪರೇಷನ್. ಆಮೇಲೆ ಎರಡು ದಿನ ಹೆಚ್ಚು ಮಾತಾಡಬಾರದು.

"ಬೇರೆಯವ್ರಿಗೆ ಕಡಿಮೆ ಮಾತಾಡಿ ಅಂತೇನೆ. ನಿಮ್ಗೆ ಮಾತೇ ಬೇಡ ಸರ್."

ಮನೆಯಲ್ಲಿ ಗೌಹರ್‌ಗೆ ಹೇಳಿದೆ. ಇಪ್ಪತ್ತನಾಲ್ಕು ವರ್ಷ ಜೊತೆಗಿದ್ದ ಹೆಂಡತಿ, ಕರುಣೆ ನೋಡಿ — "ನಲವತ್ತೇಳಕ್ಕ ಬಂದೈತಿ ಬುದ್ಧಿ. ಅದನ್ನೂ ಕೀಳಸ್ತೀರಿ?"

ನವೆಂಬರ್ 11, ಮಂಗಳವಾರ, ಸಂಜೆ

ಆಯಿತು. ಬದುಕಿದ್ದೇನೆ.

ಹೆದರಿದ್ದೆ. ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ಸೂಜಿ ಒಂದು, ಎರಡು... ನಂತರ ನಾಲಗೆಯ ಎಡಭಾಗ ಯಾರದೋ ಬಾಯಿಯದು ಅನ್ನಿಸಿತು. ನೋವಿಲ್ಲ. ಆದರೆ ಸದ್ದು! ಕರಕರ... ಗೋಡೆಗೆ ಡ್ರಿಲ್ ಹಾಕಿದ ಹಾಗೆ, ಗೋಡೆ ನನ್ನ ತಲೆ. ಕುರ್ಚಿಯಲ್ಲಿ ನನ್ನ ಬಲಗಾಲು ತಾನಾಗಿ ಬ್ರೇಕ್ ಒತ್ತುತ್ತಿತ್ತು. ರಾಧಿಕಾ ನೋಡಿಬಿಟ್ಟಳು. "ಸರ್, ಕಾಲು ತೆಗೀರಿ. ಗಾಡಿ ನಾನು ಬಿಡ್ತಾ ಇದ್ದೇನೆ."

ಹಲ್ಲನ್ನು ಎರಡು ತುಂಡು ಮಾಡಿ ತೆಗೆದಳು. ಮೂರು ಹೊಲಿಗೆ. ಕಚ್ಚಿಕೊಳ್ಳಲು ಹತ್ತಿಬಟ್ಟೆ. ಉಗುಳಬಾರದು, ಸ್ಟ್ರಾ ಹಾಕಿ ಕುಡಿಯಬಾರದು, ಬಿಸಿ ಬೇಡ, ಖಾರ ಬೇಡ. ಹೊರಗಿನಿಂದ ಐಸ್. ಉಪ್ಪುನೀರು ನಾಳೆಯಿಂದ, ಅದೂ ಮೆಲ್ಲಗೆ. ಗೌಹರ್ ಎಲ್ಲ ಬರೆದುಕೊಂಡಳು.

ರಾತ್ರಿಯ ಊಟ: ತಣ್ಣಗಿನ ಮೊಸರನ್ನ, ಗಂಜಿಯಂತೆ ಕಿವುಚಿದ್ದು. ನನ್ನೆದುರು ಗೌಹರ್, ಮಗಳು ಆರ್ಜೂ ಇಬ್ಬರೂ ಕೀಮಾ ತಿಂದರು. ಬರೆದಿಡುತ್ತೇನೆ.

ನವೆಂಬರ್ 12, ಬುಧವಾರ, ಮಧ್ಯಾಹ್ನ

ಎಡಗೆನ್ನೆ ವಡಾಪಾವ್. ತೀರ ನೋವಿಲ್ಲ, ಭಾರ. ಮಾತಾಡಬೇಕೆಂದರೆ ಲರ್ನಿಂಗ್ ಲೈಸೆನ್ಸ್ ಫಾರಂಗಳ ಹಿಂಬದಿಯಲ್ಲಿ ಬರೆದು ತೋರಿಸುತ್ತೇನೆ. ಗೌಹರ್‌ಗೆ ಕನ್ನಡದಲ್ಲಿ, ಆರ್ಜೂಗೆ ಹಿಂದಿಯಲ್ಲಿ. ಮಗಳಿಗೆ ಕನ್ನಡ ಓದಲು ಬರುವುದಿಲ್ಲ, ಮಾತು ಅಲ್ಪಸ್ವಲ್ಪ.

ಆರ್ಜೂ ಆಫೀಸಿಗೆ ರಜೆ ಹಾಕಿದ್ದಳು. ಎದುರು ಸ್ಟೂಲ್ ಎಳೆದು ಕೂತಳು. ಗೌಹರ್ ಬಾಗಿಲ ಹತ್ತಿರ ನಿಂತಳು. ಆಗಲೇ ಗೊತ್ತಾಗಬೇಕಿತ್ತು.

"ಅಬ್ಬಾ, ಒಂದು ಬಾತ್ ಐತಿ. ಕನ್ನಡದಾಗೇ ಹೇಳ್ತೀನಿ." ಕನ್ನಡ ಮಾತಾಡು ಅಂತ ಇಪ್ಪತ್ತೆರಡು ವರ್ಷ ಬಡಕೊಂಡವನು ನಾನು. ಎಂದೂ ಕೇಳದವಳು ಇಂದು ಕನ್ನಡ.

"ನಾನು... ರೈಲ್ವೆ ಎಕ್ಸಾಮ್ ಬರದಿದ್ದೆ. ಪಾಸ್ ಆದೆ. ಮೆಡಿಕಲ್ ಭೀ ಆತು. ಲೆಟರ್ ಬಂತು. ಅಸಿಸ್ಟೆಂಟ್ ಲೋಕೋ ಪೈಲಟ್. ಅಂದ್ರ... ಟ್ರೈನ್ ಚಲಾಯಿಸೋದು, ಅಬ್ಬಾ. ಇಂಜಿನ್. ಸಂಡೇ ಟ್ರೇನಿಂಗ್‌ಗೆ ಹೋಗ್ಬೇಕು. ಭುಸಾವಳ್."

ಎದ್ದೆ. ಬಾಯಿ ತೆರೆದೆ. ಹೊಲಿಗೆ ಜಗ್ಗಿತು. ಕೂತೆ.

ಅವಳು ನಿಲ್ಲಿಸಲಿಲ್ಲ. ಒಂದೊಂದೇ ಪದ ಹುಡುಕಿ, ಸಿಗದಿದ್ದಲ್ಲಿ ಹಿಂದಿ ಸೇರಿಸಿ ಹೇಳುತ್ತಲೇ ಹೋದಳು. ಡಿಪ್ಲೊಮಾದ ಎರಡನೇ ವರ್ಷ ಲೋಕಲ್ ಟ್ರೈನು ನಿಲ್ಲಿಸುವ ಕುರ್ಲಾ ಕಾರ್‌ಶೆಡ್ ನೋಡಲು ಹೋಗಿದ್ದು. ಅಲ್ಲಿ ಡ್ರೈವರ್ ಕ್ಯಾಬಿನ್ನಿನಲ್ಲಿ ಎರಡು ನಿಮಿಷ ನಿಂತಿದ್ದು. ಮನೆಗೆ ಬಂದು ನನಗೆ ಹೇಳಲು ಶುರುಮಾಡಿದ್ದು. "ನೀವು ಅರ್ಧಕ್ಕೇ ಅಂದ್ರಿ, ಹಾಂ ಹಾಂ, ಆಫೀಸ್ ಜಾಬ್ ನೋಡು ಅಂತ. ಫಿರ್ ಮೈಂ ನೈ ಬೋಲಿ, ಆಮೇಲೆ ಹೇಳ್ಲೇ ಇಲ್ಲ."

ನನಗೆ ಆ ದಿನ ನೆನಪೇ ಇಲ್ಲ. ಅದೇ ಚುಚ್ಚುತ್ತಿದೆ.

ಫಾರಂ ತಿರುಗಿಸಿ ಹಿಂದಿಯಲ್ಲಿ ದೊಡ್ಡದಾಗಿ ಬರೆದೆ: ಇಲ್ಲ.

ಅವಳು ಓದಿದಳು. "ಹೋಗೋದಂತೂ ಹೋಗ್ತೀನಿ ಅಬ್ಬಾ. ಅಳ್ತಾ ಹೋಗೋದಾ ನಗ್ತಾ ಹೋಗೋದಾ, ಅಷ್ಟು ನಿಮ್ಮ ಹಾಥ್‌ನಾಗೈತಿ."

ಗೌಹರ್‌ಗೆ ವರ್ಷದಿಂದ ಗೊತ್ತಿತ್ತಂತೆ. ನನಗೇಕೆ ಹೇಳಲಿಲ್ಲ ಎಂದು ಬರೆದು ತೋರಿಸಿದೆ. "ಯಾವಾಗ ಹೇಳಬೇಕಿತ್ತ್ರಿ? ನಿಮ್ಮ ಬಾಯಾಗ ಹತ್ತಿ ಇದ್ದದ್ದ ಇದ ಮೊದಲ ಸಲ."

ನಮ್ಮ ಸ್ಕೂಲಿಗೆ ನನ್ನ ಹೆಸರಿನ ಹೊಸ ಬೋರ್ಡ್ ಬರೆಸಲು ಹೇಳಿದ್ದೆ. ಜಹಾಂಗೀರ ಅಂಡ್ ಡಾಟರ್ ಮೋಟರ್ ಟ್ರೇನಿಂಗ್ ಸ್ಕೂಲ್. ಹೆಂಗಸರ ಬ್ಯಾಚು ಆರ್ಜೂಗೆ ಕೊಡಬೇಕೆಂದಿದ್ದೆ. ಅವಳಿಗೆ ಹೇಳಿರಲಿಲ್ಲ. ಅವಳನ್ನು ಕೇಳಿಯೂ ಇರಲಿಲ್ಲ.

ನವೆಂಬರ್ 13, ಗುರುವಾರ

ಯಾರ ಜೊತೆಗೂ ಮಾತಾಡದೆ ಕೂತೆ. ಸಿಟ್ಟಿನ ಮೌನ. ಆದರೆ ಹಲ್ಲಿನ ಮೌನವೆಂದುಕೊಂಡು ಇಬ್ಬರೂ ಐಸ್ ತಂದುಕೊಟ್ಟರು, ತಣ್ಣನೆಯ ಶಾವಿಗೆಯ ಸೇವಯಾ ತಂದುಕೊಟ್ಟರು. ಇಂಥ ಅನ್ಯಾಯ ಎಲ್ಲಿಯಾದರೂ ಉಂಟೇ.

ಸೇವಯಾ ಚೆನ್ನಾಗಿತ್ತು.

ನವೆಂಬರ್ 14, ಶುಕ್ರವಾರ

ನಮಾಜ್ ಮುಗಿಸಿ ಮನೆಗೆ ಬರದೆ ಸ್ಟೇಷನ್ನಿಗೆ ಹೋದೆ. ಪ್ಲಾಟ್‌ಫಾರ್ಮಿನ ತುದಿ, ಮೋಟರ್‌ಮನ್ ಕ್ಯಾಬಿನ್ ಬಂದು ನಿಲ್ಲುವ ಜಾಗ. ಕೆನ್ನೆಗೆ ಕರ್ಚೀಫು.

ನಲವತ್ತು ವರ್ಷ ಲೋಕಲ್ ಹತ್ತಿದ್ದೇನೆ. ಬಾಗಿಲು ನೋಡಿದ್ದೇನೆ, ಸೀಟು ನೋಡಿದ್ದೇನೆ. ಓಡಿಸುವವನನ್ನು ನೋಡಿರಲಿಲ್ಲ. ಮೊದಲನೆಯದು ಬಂತು. ಅಷ್ಟು ಉದ್ದದ ಗಾಡಿ, ಸಾವಿರಾರು ಜನ, ಗುರುತಿಗೆ ಸರಿಯಾಗಿ ನಿಂತಿತು. ಒಂದು ಜೋಲಿ ಇಲ್ಲ, ಒಂದು ಜಗ್ಗು ಇಲ್ಲ. ಇಪ್ಪತ್ತಮೂರು ವರ್ಷ ಬ್ರೇಕ್ ಕಲಿಸಿದವನು ನಾನು... ಅಂಥ ಬ್ರೇಕು ಹಾಕುವುದು ಹೇಗೆ?

ಒಂಬತ್ತು ಗಾಡಿ ನೋಡಿದೆ. ಒಂದರಲ್ಲಿ ಓಡಿಸುವವನ ಮುಖ ಮಾತ್ರ ಸ್ವಲ್ಪ ಸಿಡುಕಿನದು. ಬ್ರೇಕು ಅದರದೂ ರೇಷ್ಮೆ.

ಈ ಊರಿನ ನೂರಾರು ಹೆಂಗಸರ ಕೈಗೆ ನಾನೇ ಸ್ಟೀರಿಂಗ್ ಕೊಟ್ಟಿದ್ದೇನೆ. ಹೆದರಬೇಡಿ, ರಸ್ತೆ ನಿಮ್ಮದೂ ಹೌದು ಎಂದು ಎಲ್ಲರಿಗೂ ಹೇಳಿದ್ದೇನೆ. ನಾಚಿಕೆಯಾಯಿತು. ಕೆನ್ನೆ ಬಿಸಿಯಾದದ್ದು ಹಲ್ಲಿನಿಂದ ಅಲ್ಲ.

ಮನೆಗೆ ಬಂದೆ. ಆರ್ಜೂ ಸೂಟ್‌ಕೇಸಿಗೆ ಬಟ್ಟೆ ಮಡಿಸುತ್ತಿದ್ದಳು, ಮೂಗು ಕೆಂಪಗೆ. ಮಾತಾಡಬಹುದಿತ್ತು, ಎರಡು ದಿನ ಮುಗಿದಿತ್ತು. ನನ್ನ ಮೇಲೆ ನನಗೆ ನಂಬಿಕೆಯಿಲ್ಲ. ಬರೆದು ಕೊಟ್ಟೆ: ಅಷ್ಟು ದೊಡ್ಡ ಗಾಡಿಗೆ ಬ್ರೇಕ್ ಹೇಗೆ ಹಾಕುತ್ತಾರೆ?

ಎರಡು ಸಲ ಓದಿದಳು. ಆಮೇಲೆ ನೆಲದ ಮೇಲೆ ಕೂತು ಚಿತ್ರ ಬರೆದಳು. ಗಾಳಿಯ ಒತ್ತಡದ ಪೈಪು, ವಾಲ್ವು, ಎಷ್ಟು ಮುಂಚೆ ಹಿಡಿಯಬೇಕು, ಮಳೆಯಲ್ಲಿ ಎಷ್ಟು. ಒಂದು ಗಂಟೆ ಹೇಳಿದಳು. ಅರ್ಧ ಅರ್ಥವಾಯಿತು. ನಡುವೆ ಒಂದೂ ಮಾತು ಆಡಲಿಲ್ಲ. ಮೂರು ಸಲ ನಾಲಗೆ ತುದಿಗೆ ಬಂದಿತ್ತು.

ಇಲ್ಲ ಎಂದು ಬರೆದಿದ್ದ ಫಾರಂ ಕೇಳಿ ಇಸಕೊಂಡೆ. ಹರಿದೆ.

ನವೆಂಬರ್ 16, ಭಾನುವಾರ

ದಾದರ್. ಮಧ್ಯಾಹ್ನದ ಗಾಡಿ. ಹೇಳಬೇಕಾದ್ದು ಮನಸ್ಸಿನಲ್ಲೇ ಸಾಲಾಗಿ ಇಟ್ಟುಕೊಂಡಿದ್ದೆ. ಗಾಡಿ ಬಂತು. ಹೊರಬಂದದ್ದು ಒಂದೇ — "ಹುಷಾರ್."

"ಬಸ್? ಇಷ್ಟೇನಾ ಅಬ್ಬಾ?" ಎಂದಳು. ನಗುತ್ತಲೇ ಹೋದಳು. ಅತ್ತವನು ನಾನು. ಊದಿದ ಮುಖ, ಯಾರಿಗೂ ತಿಳಿಯಲಿಲ್ಲ.

ನವೆಂಬರ್ 18, ಮಂಗಳವಾರ, ಸಂಜೆ

ಹೊಲಿಗೆ ಬಿಚ್ಚಿದರು. ಗಾಯ ಮಾಗಿದೆ. ರಾಧಿಕಾಗೆ ಆರ್ಜೂ ವಿಷಯ ಹೇಳಿದೆ, ಕ್ಲಿನಿಕ್ಕಿನಲ್ಲಿ ಕೂತವರೆಲ್ಲರಿಗೂ ಹೇಳಿದೆ. "ಸರ್, ಬಾಯಿ ಮುಚ್ಚಿದ್ರೆ ಒಂದು ಮಾತು" ಎಂದಳು ರಾಧಿಕಾ. ಬಲಗಡೆಯ ಬುದ್ಧಿಹಲ್ಲೂ ಅಡ್ಡವಿದೆಯಂತೆ. ಜನವರಿಯಲ್ಲಿ ತೆಗೆಯಬೇಕು.

ಮನೆಗೆ ಬಂದು ಗೌಹರ್‌ಗೆ ಹೇಳಿದೆ. ಸೌಟು ಕೆಳಗಿಟ್ಟಳು. "ಚಲೋ ಆತು. ನನ್ನದೂ ಒಂದು ಮಾತ ಐತ್ರಿ. ಆ ಹಲ್ಲಿಗೆ ಇಟ್ಟೀನಿ."

ಏನದು? ಈಗಲೇ ಹೇಳು ಎಂದೆ. ಜನವರಿ ಎಂದಳು. ಇಲ್ಲ, ಈಗಲೇ, ನಡುವೆ ಬಾಯಿ ಹಾಕುವುದಿಲ್ಲ, ಆಣೆ ಎಂದೆ. ಒಲೆ ಆರಿಸಿ ಬರುತ್ತೇನೆ ಎಂದು ಒಳಗೆ ಹೋಗಿದ್ದಾಳೆ. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಏನಿರಬಹುದು... ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಅರ್ಧಕ್ಕೆ ನಿಲ್ಲಿಸಿದ್ದು ಯಾವುದೋ.

ಬಂದಳು. ಸ್ಟೂಲ್ ಎಳೆದಳು. ಪೆನ್ನು ಕೆಳಗಿಡ್ರಿ ಎನ್ನುತ್ತಿದ್ದಾಳೆ. ಇಡುತ್ತೇನೆ, ಈ ಸಾಲು ಮು—