ವಲಿ ಪಾಷಾ ಇಟ್ಟ ಹೆಸರು

ಮಾನ್ವಿ
18 ನವೆಂಬರ್ 2024

ಬಹುಕಾಲ ನನ್ನ ಅಕ್ಷರ ಕಾಣದ ಮಗಳು ನಗ್ಮಾಳಿಗೆ, ಅಲ್ಲಾಹನ ಕರುಣೆಯೂ ನಿನ್ನ ಅಬ್ಬಾನ ಹಾರೈಕೆಯೂ ದೇವದುರ್ಗದವರೆಗೆ ತಲುಪಲಿ.

ಎರಡು ದಿನವಾಯಿತು, ಚಿತ್ತವಿನ್ನೂ ನೆಲೆಗೆ ಬಂದಿಲ್ಲ. ನಿನಗೆ ಹೆಣ್ಣುಕೂಸು ಹುಟ್ಟಿತೆಂಬುದನ್ನೂ ಅದಕ್ಕೆ ನಾನೇ ಹೆಸರಿಟ್ಟೆನೆಂಬುದನ್ನೂ ಒಂದೇ ಗಳಿಗೆಯಲ್ಲಿ ಕೇಳಿದೆ. ಮೊದಲನೆಯದು ಸತ್ಯ. ಎರಡನೆಯದನ್ನು ನಾನು ಮಾಡಲಿಲ್ಲ.

ಶನಿವಾರ, ನಾನಿನ್ನೂ ಬದುಕಿರುವೆನೆಂದು ಪಿಂಚಣಿಯವರಿಗೆ ತೋರಿಸಲು ವಲಿ ಪಾಷಾನ ಕಂಪ್ಯೂಟರ್ ಅಂಗಡಿಗೆ ಹೋಗಿದ್ದೆ. ನನ್ನ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸುತ್ತ ಆತನೆಂದ: "ಮಾಸ್ತರ್ರೀ, ನಿಮ್ಮ ಮಗಳದು ಈಮೇಲ್ ಬಂದಿತ್ರಿ. ಕೂಸಿಗೆ ಹೆಸರು ಕೇಳಿದ್ಲು, ಶುಕ್ರವಾರ ಜುಮ್ಮಾದೊಳಗ ಬೇಕಂತ. ಲಾಸ್ಟ್ ಡೇಟ್ ತಪ್ಪಬಾರದಂತ ನಾನೇ ತುಂಬಿ ಕಳಿಸೀನ್ರಿ."

ನನಗೊಂದು ಈಮೇಲ್ ಇರುವುದನ್ನೇ ನಾನರಿಯೆ. ಜನರು "ಈಮೇಲ್ ಕೊಡ್ರಿ" ಎಂದಾಗ ಅದು ವಿಳಾಸ. "ಈಮೇಲ್ ಬಂದದ" ಎಂದಾಗ ಪತ್ರ. "ಈಮೇಲ್ ನೋಡ್ರಿ" ಎಂದಾಗ ಪೆಟ್ಟಿಗೆ. ಇವುಗಳಲ್ಲಿ ನನ್ನದಾವುದೆಂದು ಕೇಳಿದೆ.

"ಯಾವುದೂ ನಿಮ್ಮದಲ್ರಿ. ನಿಮ್ಮದು, ಪೀರಾ ಸಾಬ್ರದು, ಈ ಓಣಿ ಮುದುಕರದೆಲ್ಲಾ ಒಂದೇ ಈಮೇಲ್, ಅದು ನಂದು. ಆ ಕಾಲಂ ಖಾಲಿ ಬಿಟ್ರ ಫಾರಂ ಮುಂದಕ್ಕ ಹೋಗಂಗಿಲ್ರಿ."

ನನ್ನ ಹಳೆಯ ಪಿಂಚಣಿ ಕಾಗದದಿಂದ ಆ ವಿಳಾಸ ಹಿಡಿದೆನೆಂದು ನೀನು ಬರೆದಿರುವೆ. ನನ್ನ ಮಾತು ಮೀರಿ ಮುಕರ್ರಂನನ್ನು ನೀನು ವರಿಸಿದಂದಿನಿಂದ ನಾಲ್ಕು ವರ್ಷ ನಿನ್ನ ಪತ್ರಗಳನ್ನು ಒಡೆಯದೆ ಹಿಂದಿರುಗಿಸಿದವನಿಗೆ ಬೇರಾವ ದಾರಿಯಿಂದ ಬರೆಯಬಲ್ಲೆ?

ವಲಿ ಪಾಷಾ ಕಳಿಸಿದ್ದು ಎರಡೇ ಸಾಲು: "ಹೆಸರು ಹಸೀನಾ ಬೇಗಂ. ಖುಷಿ ಆತು ಬೇಟಿ." ನಿನ್ನ ಅಮ್ಮಿಯ ಹೆಸರು ಅವನಿಗೆ ಹೇಗೆ ಹೊಳೆಯಿತೆಂದು ಗದರಿದೆ. "ರೇಷನ್ ಕಾರ್ಡು, ದವಾಖಾನಿ, ಎಲ್ಲಾ ನಾನೇ ತುಂಬೀನ್ರಿ. ನಿಮ್ಮ ಮನಿ ಹೆಣ್ಮಕ್ಕಳ ಹೆಸರು ಅಂದ್ರ ನನ್ನ ಕೈಗೆ ಅದೊಂದೇ ಬರ್ತದ" ಎಂದ.

ಬಳಿಕ ನಿನ್ನ ಮಾರುತ್ತರವನ್ನು ಓದಿಸಿದ. ಅಮ್ಮಿಯ ಹೆಸರು ಕೊಟ್ಟಿರಲ್ಲ ಅಬ್ಬಾ, ನನ್ನನ್ನು ಮನ್ನಿಸಿದಿರೆಂದು ಇದರಿಂದಲೇ ತಿಳಿಯಿತು, ಎಂದಿದ್ದೆ. ನಿಜವನ್ನು ಹೇಳಿದರೆ ನಿನ್ನ ಸಂತೋಷವನ್ನು ಕಸಿದಂತೆ. ಹೇಳದಿದ್ದರೆ ಮೊಮ್ಮಗಳು ಜೀವಮಾನವಿಡೀ ನನ್ನ ಸುಳ್ಳಿಗೆ ಓಗೊಡುವಂತೆ. ಬೇರೆ ಹೆಸರಿಗಾಗಿ ಕಿತಾಬುಗಳನ್ನು ತೆರೆದೆ. ಅರ್ಥಗಳು ಸಿಕ್ಕವು, ಕೂಸು ಯಾವುದರಲ್ಲಿಯೂ ಕಾಣಲಿಲ್ಲ.

ಮನ್ನಿಸಬೇಕಾದವರು ಯಾರೆಂಬುದೂ ಈಗ ನನಗೆ ಸ್ಪಷ್ಟವಿಲ್ಲ. ಹೆಸರು ಉಳಿಯಲೋ ಬದಲಾಗಲೋ, ನೀನೇ ಹೇಳು.

ಇಂತಿ,
ನಮಾಜಿನಲ್ಲಿ ನಿನ್ನನ್ನು ನೆನೆದು ಮನೆಯಲ್ಲಿ ನೆನೆಯದಿದ್ದ ನಿನ್ನ ಅಬ್ಬಾ,
ಅಲ್ಲಾಉದ್ದೀನ್

ಅಡಿಬರಹ: ತೀರಿಹೋಗುವ ಮೂರು ದಿನ ಮುಂಚೆ ನಿನ್ನ ಅಮ್ಮಿ ನಿನಗಾಗಿ ನನ್ನಿಂದ ಒಂದು ಪತ್ರ ಬರೆಸಿದ್ದಳು. ಅಂಚೆಗೆ ಹಾಕಿದೆನೆಂದು ಅವಳಿಗೆ ಹೇಳಿದೆ. ಹಾಕಿರಲಿಲ್ಲ. ಇದರೊಳಗೆ ಇಟ್ಟಿದ್ದೇನೆ. ಮೊದಲು ಅದನ್ನು ಓದು; ಆಮೇಲೂ ಆ ಹೆಸರನ್ನು ನನ್ನ ಮುಂದೆ ಕೂಗುವ ಮನಸ್ಸು ನಿನಗಿದ್ದರೆ, ಕೂಸನ್ನು ಕರೆದುಕೊಂಡು ಬಾ.